ಎರವಲು ಚರ್ಮ

ಈಳಿಗೆಮಣೆಯಲ್ಲಿ ತರಕಾರಿ ಹೆಚ್ಚುವಾಗ ಬೆರಳಿಗೆ ಆದ ಗಾಯ ಯಾವತ್ತು ಮಾಯಿತು ಎಂದು ಯಾರನ್ನಾದರೂ ಕೇಳಿ ನೋಡಿ. ಆದ ದಿನ ನೆನಪಿರುತ್ತದೆ, ಮಾಯ್ದ ದಿನ ನೆನಪಿರುವುದಿಲ್ಲ. ರಕ್ತ ಕಂಡು ಗಾಬರಿ, ಒಂದು ಚಿಟಿಕೆ ಅರಿಸಿನ, ಹಳೇ ಪಂಚೆಯ ಚೂರು, ಎರಡು ದಿನ ಹುಳಿ ಖಾರ ತಾಗಿದಾಗಲೆಲ್ಲ ಚುರುಚುರು. ಆಮೇಲೆ ಯಾವಾಗಲೋ ನೋಡಿದರೆ ಅದು ಎಂದಿನ ಬೆರಳೇ. ನಾವು ಬಸ್ಸು ಹಿಡಿಯಲು ಓಡುತ್ತಿದ್ದಾಗ, ಫೋನಿನಲ್ಲಿ ವಾದ ಮಾಡುತ್ತಿದ್ದಾಗ, ಮೈಮರೆತು ಮಲಗಿದ್ದಾಗ ಯಾರೋ ಕೂತು ಕೆಲಸ ಮುಗಿಸಿ, ಕೂಲಿ ಕೇಳದೆ ಎದ್ದುಹೋಗಿರುತ್ತಾರೆ.

ಆ ಯಾರೋ ಯಾರು ಎಂದು ಹುಡುಕಿಕೊಂಡು ಹೋದರೆ ಒಂದು ದೊಡ್ಡ ಗುಂಪೇ ಸಿಗುತ್ತದೆ. ಚರ್ಮ ಸೀಳಿದ ಕೆಲವೇ ಕ್ಷಣಗಳಲ್ಲಿ ರಕ್ತದೊಳಗಿನ ಪ್ಲೇಟ್‌ಲೆಟ್‌ಗಳು ಒಡೆದ ನಾಳಕ್ಕೆ ಅಡ್ಡಬಿದ್ದು ಒಂದಕ್ಕೊಂದು ಅಂಟಿಕೊಳ್ಳುತ್ತವೆ. ಅವುಗಳ ನಡುವೆ ಫೈಬ್ರಿನ್ ಎಂಬ ಪ್ರೋಟೀನು ಎಳೆಎಳೆಯಾಗಿ ಬಲೆ ಹೆಣೆಯುತ್ತದೆ. ಕೆಲವು ಗಂಟೆಗಳೊಳಗೆ ನ್ಯೂಟ್ರೋಫಿಲ್ ಎಂಬ ಬಿಳಿ ರಕ್ತಕಣಗಳು ಬಂದು ಕ್ರಿಮಿಗಳ ಮೇಲೆ ಬೀಳುತ್ತವೆ. ಎರಡು ಮೂರು ದಿನಕ್ಕೆ ಮ್ಯಾಕ್ರೋಫೇಜ್‌ಗಳ ಸರದಿ. ಸತ್ತದ್ದನ್ನೆಲ್ಲ ನುಂಗಿ ಜಾಗ ಚೊಕ್ಕಟ ಮಾಡುವುದು ಅವುಗಳ ಮೊದಲ ಕೆಲಸ. ಅದು ಮುಗಿಯುತ್ತಲೇ ಅವು ಸ್ವಭಾವ ಬದಲಿಸಿ, ಇನ್ನು ಕಟ್ಟಬಹುದು ಎಂಬ ಸಂದೇಶ ಕಳಿಸಲು ತೊಡಗುತ್ತವೆ. ಆಗ ಫೈಬ್ರೋಬ್ಲಾಸ್ಟ್ ಎಂಬ ಕೋಶಗಳು ಬಂದು ಕೊಲಾಜನ್ ನೇಯುತ್ತವೆ. ಹೊಸ ರಕ್ತನಾಳಗಳು ಕುಣಿಕೆ ಕುಣಿಕೆಯಾಗಿ ಮೇಲೆದ್ದು ಗಾಯದ ತಳವೆಲ್ಲ ಕೆಂಪಗೆ ಹರಳು ಹರಳಾಗುತ್ತದೆ. ಇದರ ಜತೆಜತೆಗೇ ಅಂಚಿನ ಚರ್ಮಕೋಶಗಳು ಬೇರು ಸಡಿಲಿಸಿಕೊಂಡು ನಡುವಿನತ್ತ ತೆವಳುತ್ತವೆ. ಎದುರು ಅಂಚಿನಿಂದ ಹೊರಟವು ಬಂದು ತಾಗಿದೊಡನೆ ಎರಡೂ ಅಲ್ಲೇ ನಿಲ್ಲುತ್ತವೆ. ಒಂದು ಹೆಜ್ಜೆ ಹೆಚ್ಚು ಹೋಗುವುದಿಲ್ಲ.

ಇಷ್ಟೆಲ್ಲ ನಡೆಯುವುದು ನಮಗೆ ಕಾಣುವುದಿಲ್ಲ. ಸಲೀಸಾಗಿ ಸಾಗುವ ಕೆಲಸಕ್ಕೆ ಸಾಕ್ಷಿ ಬೇಕಿಲ್ಲ ತಾನೇ. ಮಾಯುವುದು ಎಂದರೆ ಏನೆಂದು ಕಣ್ಣಾರೆ ನೋಡಬೇಕಾದರೆ ಮಾಯದ ಗಾಯವನ್ನೇ ನೋಡಬೇಕು. ಅಂಥ ಗಾಯ ಸಕ್ಕರೆ ಕಾಯಿಲೆಯವರ ಅಂಗಾಲಿನಲ್ಲಿ ಸಿಗುತ್ತದೆ.

ನಮ್ಮ ದೇಶದಲ್ಲಿ ಸಕ್ಕರೆ ಕಾಯಿಲೆ ಇರುವವರು ಸುಮಾರು 10.1 ಕೋಟಿ ಎಂದು ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿ ನಡೆಸಿದ, 2023ರಲ್ಲಿ ಪ್ರಕಟವಾದ ಸಮೀಕ್ಷೆ ಅಂದಾಜು ಮಾಡಿತು. ಕಾಯಿಲೆ ಹಳೆಯದಾದಂತೆ ಹಲವರ ಕಾಲಿಗೆ ಮೊದಲು ಜೋಮು ಹಿಡಿಯುತ್ತದೆ, ಆಮೇಲೆ ಸ್ಪರ್ಶವೇ ತಿಳಿಯದಾಗುತ್ತದೆ. ಜಿಲ್ಲಾ ಆಸ್ಪತ್ರೆಯೊಂದರ ಡ್ರೆಸ್ಸಿಂಗ್ ಕೋಣೆಯಲ್ಲಿ ನಮ್ಮ ಮನೆಯವರ ಸರದಿಗೆ ಕಾಯುತ್ತಿದ್ದಾಗ ಕೇಳಿದ ಮಾತು ಇದು. ಹೆಬ್ಬೆರಳಿನ ಬುಡದಲ್ಲಿ ಎಂಟಾಣೆ ಅಗಲದ ಕುಳಿ ಇದ್ದ ಒಬ್ಬ ವಯಸ್ಸಾದ ಹೆಂಗಸನ್ನು ಸಿಸ್ಟರ್ ಕೇಳಿದರು: "ಏನಜ್ಜಿ, ಇಷ್ಟಾಗೋವರೆಗೂ ಸುಮ್ನಿದ್ರಲ್ಲ, ನೋವಾಗ್ಲಿಲ್ವಾ?" ಅಜ್ಜಿ ನಿರಾಳವಾಗಿ ಹೇಳಿದರು: "ನೋವಾಗಿದ್ರೆ ಅವತ್ತೇ ಬರ್ತಿರ್ಲಿಲ್ವಾ ತಾಯಿ. ಚಪ್ಪಲಿ ಒಳಗೆ ಕಲ್ಲು ಸೇರ್ಕೊಂಡಿತ್ತು ಅಂತ ಮೊಮ್ಮಗಳು ನೋಡಿ ಹೇಳಿದ್ಮೇಲೇ ಗೊತ್ತಾಗಿದ್ದು." ದಿನವಿಡೀ ಕಲ್ಲಿನ ಮೇಲೆ ನಡೆದಿದ್ದರು. ಕಾಲು ಒಂದು ಮಾತೂ ಆಡಿರಲಿಲ್ಲ.

ನೋವು ಕಾವಲುಗಾರ ಎಂಬುದನ್ನು ಕಂಡುಕೊಂಡವರಲ್ಲಿ ಮುಖ್ಯರು ಪಾಲ್ ಬ್ರ್ಯಾಂಡ್. ತಮಿಳುನಾಡಿನ ಕೊಲ್ಲಿ ಬೆಟ್ಟದಲ್ಲಿ 1914ರಲ್ಲಿ ಹುಟ್ಟಿದ ಈ ಇಂಗ್ಲಿಷ್ ಸರ್ಜನ್ ವೆಲ್ಲೂರಿನ ಕ್ರಿಶ್ಚಿಯನ್ ಮೆಡಿಕಲ್ ಕಾಲೇಜಿನಲ್ಲಿ ಕುಷ್ಠರೋಗಿಗಳ ಕೈಕಾಲುಗಳನ್ನು ವರ್ಷಗಟ್ಟಲೆ ನೋಡಿದರು. ರೋಗ ಬೆರಳನ್ನು ಕೊಳೆಸುತ್ತದೆ ಎಂದು ಜಗತ್ತೆಲ್ಲ ನಂಬಿದ್ದ ಕಾಲ ಅದು. ನೋವು ಗೊತ್ತಾಗದ ಕಾರಣ ರೋಗಿ ತನಗೆ ತಾನೇ ದಿನವೂ ಗಾಯ ಮಾಡಿಕೊಳ್ಳುತ್ತಿದ್ದಾನೆ, ಆ ಗಾಯದ ಮೇಲೇ ನಡೆಯುತ್ತಿದ್ದಾನೆ ಎಂದು ಅವರು ತೋರಿಸಿದರು. ಭಾರ ತಪ್ಪಿಸಿದರೆ ಅದೇ ಕಾಲು ಮಾಯುತ್ತಿತ್ತು. 1960ರ ದಶಕದಲ್ಲಿ ಅಮೆರಿಕದ ಲೂಯಿಸಿಯಾನಾಕ್ಕೆ ಹೋದ ಮೇಲೆ ಆ ಅರಿವನ್ನು ಅವರು ಸಕ್ಕರೆ ಕಾಯಿಲೆಯ ಕಾಲಿಗೂ ತಂದರು. ಈಗ ಊರೂರಿನಲ್ಲಿ ಸಿಗುವ ಎಂಸಿಆರ್ (ಮೈಕ್ರೋಸೆಲ್ಯುಲರ್ ರಬ್ಬರ್) ಚಪ್ಪಲಿಯ ಮೆತ್ತನೆಯ ಅಟ್ಟೆಯ ಹಿಂದೆ ಇರುವುದು ಇದೇ ವಿಚಾರ.

ಗಾಯ ಆಗುವುದಕ್ಕೆ ನೋವಿಲ್ಲದಿರುವುದು ಕಾರಣವಾದರೆ, ಮಾಯದಿರುವುದಕ್ಕೆ ಬೇರೆ ಕಾರಣಗಳಿವೆ. ಕಾಲಿನ ರಕ್ತನಾಳ ಕಿರಿದಾಗಿ ರಕ್ತ ಸಾಲುವುದಿಲ್ಲ. ಹೆಚ್ಚಿದ ಸಕ್ಕರೆ ಪ್ರೋಟೀನುಗಳಿಗೆ ಅಂಟಿಕೊಂಡು ಅವನ್ನು ಬಿರುಸಾಗಿಸುತ್ತದೆ. ಕ್ರಿಮಿಗಳು ಲೋಳೆಯ ಪರದೆ ಕಟ್ಟಿಕೊಂಡು ಅದರೊಳಗೆ ಬೀಡುಬಿಡುತ್ತವೆ. ಎಲ್ಲಕ್ಕಿಂತ ವಿಚಿತ್ರವಾದದ್ದು ಮ್ಯಾಕ್ರೋಫೇಜ್‌ಗಳ ಹಟ. ಅವು ಮೊದಲ ಕೆಲಸ ಬಿಟ್ಟು ಎರಡನೆಯದಕ್ಕೆ ಬರುವುದೇ ಇಲ್ಲ. ಬೆಂಕಿ ಆರಿಸಲು ಬಂದ ಜನ ಬೆಂಕಿ ಆರಿದ ಮೇಲೂ ಅಂಗಳ ಬಿಡದೆ ನೀರು ಎರಚುತ್ತಲೇ ಇದ್ದರೆ ಗಾರೆಯವನು ಕಟ್ಟಿದ ಹಸಿ ಗೋಡೆ ನಿಲ್ಲುವುದುಂಟೆ? ಹಾಗೆ, ಹಳತನ್ನು ಕರಗಿಸಲೆಂದು ಸುರಿದ ಕಿಣ್ವಗಳು ಹೊಸದಾಗಿ ನೇಯ್ದ ಕೊಲಾಜನನ್ನೂ ತಿಂದುಹಾಕುತ್ತವೆ. ದೇಹಕ್ಕೆ ಶಕ್ತಿ ಇಲ್ಲವೆಂದೇನೂ ಅಲ್ಲ. ಕಾದಾಟ ಮುಗಿಯಿತು ಎಂಬ ಸುದ್ದಿ ಅದಕ್ಕೆ ತಲುಪುತ್ತಿಲ್ಲ. ತಿಂಗಳುಗಟ್ಟಲೆ ಆ ಕುಳಿ ಅಷ್ಟೇ ಅಗಲ, ಅಷ್ಟೇ ಆಳ. ರಸಿಗೆ ಒಸರುತ್ತ ಇದ್ದಲ್ಲೇ ಇರುತ್ತದೆ.

ಇಂಥ ಗಾಯದ ಮೇಲೆ ಏನನ್ನು ಹೊದಿಸಬೇಕು? ಸಾವಿರಾರು ವರ್ಷಗಳಿಂದ ಮನುಷ್ಯ ಕೇಳಿಕೊಂಡು ಬಂದ ಪ್ರಶ್ನೆ ಇದು. ಅದಕ್ಕೆ ಸಿಕ್ಕ ಉತ್ತರಗಳ ಪಟ್ಟಿ ನೋಡುತ್ತ ಹೋದರೆ ಸೋಜಿಗವಾಗುತ್ತದೆ. ಸಮುದ್ರದ ಪಾಚಿ, ಜೇನು, ರೇಷ್ಮೆಗೂಡು, ಸಿಗಡಿಯ ಸಿಪ್ಪೆ, ಮೀನಿನ ಚರ್ಮ, ಬಾಳೆ ಎಲೆ, ಹೆರಿಗೆಯಲ್ಲಿ ಮಗುವಿನೊಡನೆ ಹೊರಬರುವ ಪೊರೆ. ಇವುಗಳಲ್ಲಿ ಒಂದಕ್ಕೊಂದು ಏನು ಸಂಬಂಧ?

ಸಂಬಂಧದ ಎಳೆ ಹಿಡಿಯಲು ಮೊದಲು ಒಂದು ಹಳೇ ನಂಬಿಕೆಯನ್ನು ಬಿಡಬೇಕು. ಗಾಯಕ್ಕೆ ಗಾಳಿ ಆಡಬೇಕು, ಒಣಗಬೇಕು, ಹಕ್ಕಳೆ ಕಟ್ಟಬೇಕು ಎಂದು ನಮ್ಮ ಹಿರಿಯರಷ್ಟೇ ಅಲ್ಲ, ವೈದ್ಯರೂ ಹೇಳುತ್ತಿದ್ದರು. 1962ರಲ್ಲಿ ಇಂಗ್ಲೆಂಡಿನ ಜಾರ್ಜ್ ವಿಂಟರ್ ಹಂದಿಗಳ ಚರ್ಮದಲ್ಲಿ ಸಮನಾದ ತೆಳು ಗಾಯಗಳನ್ನು ಮಾಡಿ, ಕೆಲವನ್ನು ಗಾಳಿಗೆ ಬಿಟ್ಟರು, ಕೆಲವಕ್ಕೆ ಪಾಲಿಥೀನ್ ಹಾಳೆ ಹೊದಿಸಿದರು. ಹಾಳೆಯ ಅಡಿಯಲ್ಲಿ ತೇವವಾಗಿಯೇ ಉಳಿದ ಗಾಯದ ಮೇಲೆ ಚರ್ಮ ಸರಿಸುಮಾರು ಎರಡು ಪಟ್ಟು ಬೇಗ ಹಬ್ಬಿತು. ಕಾರಣ ಸರಳ. ತೆವಳುವ ಕೋಶಕ್ಕೆ ಒದ್ದೆ ನೆಲ ಬೇಕು. ಒಣ ಹಕ್ಕಳೆ ಎದುರಾದರೆ ಅದು ತೇವ ಹುಡುಕಿಕೊಂಡು ಕೆಳಗೆ ಕೊರೆಯುತ್ತ, ಸುತ್ತುಬಳಸಿ ಹೋಗಬೇಕು.

ನಮ್ಮ ಒಂದೊಂದು ಕೋಶವೂ ಬದುಕುವುದು ಉಪ್ಪುನೀರಿನಲ್ಲಿ. ಜೀವ ಸಮುದ್ರ ಬಿಟ್ಟು ನೆಲಕ್ಕೆ ಬಂದಾಗ ಆ ನೀರನ್ನು ಒಳಗೇ ಇಟ್ಟುಕೊಂಡು ಬಂತು. ಅದು ಸೋರದಂತೆ ಸುತ್ತ ಎಳೆದ ಎಲ್ಲೆಯೇ ಚರ್ಮ. ಗಾಯ ಎಂದರೆ ಆ ಎಲ್ಲೆ ಒಡೆದ ಜಾಗ, ಒಳಗಿನ ಒದ್ದೆಯೂ ಹೊರಗಿನ ಒಣಗಾಳಿಯೂ ಮುಖಾಮುಖಿಯಾದ ಜಾಗ. ಈ ಸಮಸ್ಯೆ ಮನುಷ್ಯನೊಬ್ಬನದೇ ಅಲ್ಲ. ಉಸಿರಾಡುವ, ಬೆಳೆಯುವ ಪ್ರತಿಯೊಂದೂ ತನ್ನದೊಂದು ಎಲ್ಲೆ ಕಟ್ಟಿಕೊಳ್ಳಲೇಬೇಕು. ನೀರು ಬೇಕಾದಷ್ಟು ಇರಬೇಕು, ಹೆಚ್ಚಾದದ್ದು ಹೋಗಬೇಕು, ಶತ್ರು ಒಳಗೆ ಬರಬಾರದು. ಮೇಲಿನ ಪಟ್ಟಿಯಲ್ಲಿರುವುದೆಲ್ಲ ಈ ಲೆಕ್ಕವನ್ನು ಒಬ್ಬೊಬ್ಬರು ಬಿಡಿಸಿದ ಒಂದೊಂದು ಬಗೆ.

ಕಂದು ಬಣ್ಣದ ಸಮುದ್ರ ಪಾಚಿಯನ್ನು ನೋಡಿ. ಕಾರವಾರದ ಕಡಲಂಚಿನ ಬಂಡೆಗಳಿಗೆ ಅಂಟಿಕೊಂಡ ಸರ್ಗಾಸಂ ಅದೇ ಜಾತಿಯದು. ಮನ್ನಾರ್ ಕೊಲ್ಲಿಯಲ್ಲಿ ರಾಮನಾಥಪುರದ ಹೆಂಗಸರು ಉಸಿರು ಬಿಗಿಹಿಡಿದು ಮುಳುಗಿ ಕಿತ್ತು ತರುವ ಪಾಚಿಗಳಲ್ಲಿಯೂ ಅದು ಇದೆ. ಅಲೆ ದಿನವಿಡೀ ಎಳೆದಾಡಿದರೂ ಅದು ಹರಿಯಬಾರದು, ಬಾಗಬೇಕು. ಇಳಿತದ ಹೊತ್ತಿಗೆ ಬಂಡೆ ಬಿಸಿಲಿಗೆ ಕಾದರೂ ಒಳಗಿನ ನೀರು ಆರಬಾರದು. ಇದಕ್ಕೆಂದು ಅದರ ಕೋಶಗಳ ಗೋಡೆಯಲ್ಲೂ ನಡುವಿನ ಸಂದಿನಲ್ಲೂ ಆಲ್ಜಿನೇಟ್ ಎಂಬ ಲೋಳೆ ಇದೆ. ಪಾಚಿಯಿಂದ ಅದನ್ನು ಬೇರ್ಪಡಿಸುವ ವಿಧಾನಕ್ಕೆ 1881ರಲ್ಲಿ ಪೇಟೆಂಟ್ ಪಡೆದವರು ಬ್ರಿಟಿಷ್ ರಸಾಯನಶಾಸ್ತ್ರಜ್ಞ ಇ.ಸಿ.ಸಿ. ಸ್ಟ್ಯಾನ್‌ಫರ್ಡ್.

ಆ ಲೋಳೆಯನ್ನು ಕ್ಯಾಲ್ಸಿಯಂ ಇರುವ ದ್ರಾವಣದೊಳಕ್ಕೆ ಸಣ್ಣ ತೂತುಗಳ ಮೂಲಕ ಒತ್ತಿದರೆ ಎಳೆಗಳಾಗುತ್ತದೆ. ಎಳೆಗಳನ್ನು ಒತ್ತಾಗಿ ಹರಡಿದರೆ ಬಿಳಿಯ, ಮೆತ್ತನೆಯ ಹಾಳೆ. ಕೈಗೆ ತೆಗೆದುಕೊಂಡರೆ ಹತ್ತಿಗಿಂತ ಸ್ವಲ್ಪ ಒರಟು, ತೂಕವೇ ಇಲ್ಲ. ರಸಿಗೆ ಸೋರುವ ಕುಳಿಯೊಳಗೆ ಅದನ್ನು ಸಡಿಲವಾಗಿ ತುಂಬಿದ ಮೇಲೆ ನಡೆಯುವುದನ್ನು ಕಣ್ಣಿಂದಲೇ ನೋಡಬಹುದು. ಒದ್ದೆ ತಾಗಿದ ಕಡೆಯಿಂದ ಎಳೆಗಳು ಬಿಳುಪು ಕಳೆದುಕೊಳ್ಳುತ್ತವೆ, ಉಬ್ಬುತ್ತವೆ, ಒಂದರ ಗುರುತು ಇನ್ನೊಂದರಲ್ಲಿ ಕರಗುತ್ತದೆ. ನಾರು ಇದ್ದ ಕಡೆ ನಡುಗುವ ಪಾರದರ್ಶಕ ಜೆಲ್ ಉಳಿಯುತ್ತದೆ. ನಮ್ಮ ರಸಿಗೆಯಲ್ಲಿನ ಸೋಡಿಯಂ ನಾರಿನೊಳಕ್ಕೆ ಹೋಗಿ, ನಾರಿನಲ್ಲಿದ್ದ ಕ್ಯಾಲ್ಸಿಯಂ ಗಾಯದೊಳಕ್ಕೆ ಬರುತ್ತದೆ. ಅದೇ ಕ್ಯಾಲ್ಸಿಯಂ ರಕ್ತ ಹೆಪ್ಪುಗಟ್ಟಲೂ ಬೇಕಾದದ್ದು. ತನ್ನ ತೂಕದ ಹದಿನೈದು ಇಪ್ಪತ್ತು ಪಟ್ಟು ದ್ರವವನ್ನು ಹಿಡಿದಿಟ್ಟುಕೊಂಡ ಆ ಜೆಲ್, ಮುಂದಿನ ಸಲ ಪಟ್ಟಿ ಬಿಚ್ಚುವಾಗ ಹೊಸ ಮಾಂಸವನ್ನು ಕಿತ್ತುಕೊಂಡು ಬರದೆ ಸಲೈನಿನಲ್ಲಿ ತೊಳೆದುಹೋಗುತ್ತದೆ. ಪಾಚಿಗೆ ಇದು ಹೊಸ ಕೆಲಸವಲ್ಲ. ಉಬ್ಬರ ಇಳಿತಗಳ ನಡುವೆ ಉಪ್ಪುನೀರನ್ನು ಹಿಡಿದುಕೊಂಡು ಕೂರುವುದನ್ನೇ ಅದು ಬಂಡೆಯ ಮೇಲೂ ಮಾಡುತ್ತಿತ್ತು.

ಜೇನಿನ ಹಾದಿ ಇದಕ್ಕೆ ಪೂರಾ ತಿರುವುಮುರುವು. ಪಾಚಿ ನೀರನ್ನು ಹಿಡಿದಿಟ್ಟು ಬದುಕಿದರೆ, ಜೇನು ನೀರನ್ನು ಓಡಿಸಿ ಉಳಿಯುತ್ತದೆ. ಹುಳಗಳು ತಂದ ಮಕರಂದದಲ್ಲಿ ಅರ್ಧಕ್ಕಿಂತ ಹೆಚ್ಚು ಪಾಲು ನೀರೇ. ಇಡೀ ಗೂಡು ರೆಕ್ಕೆ ಬೀಸಿ ಬೀಸಿ ಅದನ್ನು ನೂರಕ್ಕೆ ಹದಿನೆಂಟರ ಆಸುಪಾಸಿಗೆ ಇಳಿಸುತ್ತದೆ. ಅಷ್ಟು ಗಟ್ಟಿ ಸಕ್ಕರೆಯಲ್ಲಿ ಬಿದ್ದ ಕ್ರಿಮಿಯ ಮೈನೀರು ಹೀರಿಹೋಗುತ್ತದೆ. ಸಾಲದ್ದಕ್ಕೆ ಹುಳ ತನ್ನ ತಲೆಯ ಗ್ರಂಥಿಯಿಂದ ಗ್ಲೂಕೋಸ್ ಆಕ್ಸಿಡೇಸ್ ಎಂಬ ಕಿಣ್ವವನ್ನೂ ಬೆರೆಸಿರುತ್ತದೆ. ಗಟ್ಟಿ ಜೇನಿನಲ್ಲಿ ಅದು ಸುಮ್ಮನಿರುತ್ತದೆ. ಜೇನಿಗೆ ಎಲ್ಲಿಂದಲೋ ನೀರು ಸೇರಿ ಕೆಡುವ ಅಪಾಯ ಬಂದಾಗ ಮಾತ್ರ ಎಚ್ಚೆತ್ತು, ಸಕ್ಕರೆಯಿಂದಲೇ ಹೈಡ್ರೋಜನ್ ಪೆರಾಕ್ಸೈಡನ್ನು ಹನಿಹನಿಯಾಗಿ ತಯಾರಿಸುತ್ತದೆ. ಗಾಯದ ರಸಿಗೆ ತಾಗಿದಾಗಲೂ ಆಗುವುದು ಅದೇ. ಮರಿಗಳ ಅನ್ನ ಕೆಡದಿರಲೆಂದು ಇಟ್ಟ ಕಾವಲು, ಮನುಷ್ಯನ ಕಾಲಿನಲ್ಲೂ ಕಾವಲು ಕಾಯುತ್ತದೆ.

ಕ್ರಿಸ್ತಪೂರ್ವ 1600ರ ಸುಮಾರಿನ ಈಜಿಪ್ಟಿನ ಪಪೈರಸ್ ಸುರುಳಿಯೊಂದರಲ್ಲಿ ಗಾಯಕ್ಕೆ ಜೇನು, ಕೊಬ್ಬು, ನಾರು ಹಚ್ಚುವ ಕ್ರಮ ಬರೆದಿದೆ. ಸುಶ್ರುತ ಸಂಹಿತೆಯಲ್ಲಿ ಹಸಿ ಗಾಯಕ್ಕೆ ಜೇನು ಮತ್ತು ತುಪ್ಪ ಇದೆ. ಪ್ರಮೇಹದವರಿಗೆ (ಸಕ್ಕರೆ ಕಾಯಿಲೆಯೂ ಸೇರಿದ ಮೂತ್ರರೋಗಗಳಿಗೆ ಆಗಿನ ಹೆಸರು) ಏಳುವ ಹುಣ್ಣುಗಳ ಚಿಕಿತ್ಸೆಗೆಂದೇ ಬೇರೆ ಅಧ್ಯಾಯವೂ ಇದೆ. ಇಂದು ಔಷಧಿಯಾಗಿ ಸಿಗುವ ಜೇನು ಹೆಚ್ಚಾಗಿ ನ್ಯೂಜಿಲೆಂಡ್‌ನ ಮನುಕಾ ಗಿಡದ್ದು. ಅದರ ಬಲ ಮೀಥೈಲ್‌ಗ್ಲೈಆಕ್ಸಾಲ್ ಎಂಬ ಅಣುವಿನಲ್ಲಿದೆ. ಇಲ್ಲಿ ಬೆರಗಿನ ಜತೆ ಒಂದು ಎಚ್ಚರವೂ ಬೇಕು. ಸಕ್ಕರೆ ಕಾಯಿಲೆಯವರ ರಕ್ತದಲ್ಲಿ ಹೆಚ್ಚಾಗಿ, ಪ್ರೋಟೀನುಗಳನ್ನು ಕೆಡಿಸುವ ಅಣುಗಳ ಪೈಕಿ ಇದೇ ಮೀಥೈಲ್‌ಗ್ಲೈಆಕ್ಸಾಲ್ ಕೂಡ ಒಂದು. ಕ್ರಿಮಿಯನ್ನು ಕೊಲ್ಲುವುದೂ ಅದೇ, ಮಾಯದಂತೆ ಮಾಡಬಹುದೇ ಎಂದು ಸಂಶೋಧಕರು ಅನುಮಾನಿಸಿರುವುದೂ ಅದನ್ನೇ. ಅಡುಗೆಮನೆಯ ಜೇನಿನ ಬಾಟಲಿಯಂತೂ ಈ ಕೆಲಸಕ್ಕೆ ಆಗದು. ಅದರಲ್ಲಿ ಬ್ಯಾಕ್ಟೀರಿಯಾಗಳ ಬೀಜಾಣುಗಳು ಮಲಗಿರಬಹುದು. ಔಷಧಿಯ ಜೇನನ್ನು ಗಾಮಾ ಕಿರಣ ಹಾಯಿಸಿ ಶುದ್ಧ ಮಾಡಿರುತ್ತಾರೆ.

ರೇಷ್ಮೆ ನಮ್ಮ ಮನೆ ಬಾಗಿಲಿನದು. ರಾಮನಗರ, ಶಿಡ್ಲಘಟ್ಟದ ಗೂಡಿನ ಮಾರುಕಟ್ಟೆಗೆ ಹೋದವರಿಗೆ ಆ ವಾಸನೆ, ಆ ಹರಾಜಿನ ಗಲಾಟೆ ಮರೆಯುವಂಥದ್ದಲ್ಲ. ಹಣ್ಣಾದ ಹುಳುವನ್ನು ಗೂಡು ಕಟ್ಟಲೆಂದು ಚಂದ್ರಿಕೆಗೆ ಬಿಟ್ಟ ರಾತ್ರಿ ಹತ್ತಿರ ಹೋಗಿ ನೋಡಬೇಕು. ಹಿಪ್ಪುನೇರಳೆ ಸೊಪ್ಪು ತಿಂದು ತಿಂದು ಬೆಳೆದು, ಈಗ ತಿನ್ನುವುದನ್ನೇ ಬಿಟ್ಟು ಮೈಯೆಲ್ಲ ತಿಳಿಹಳದಿಯಾದ ಹುಳು ತಲೆಯನ್ನು ಎಂಟರ ಅಂಕಿಯಲ್ಲಿ ಆಡಿಸುತ್ತಲೇ ಇರುತ್ತದೆ. ಮೊದಲು ಸುತ್ತ ನಾಲ್ಕು ಎಳೆ ಎಳೆದು ನಿಲುವು ಮಾಡಿಕೊಳ್ಳುತ್ತದೆ. ಆಮೇಲೆ ಮಂಜು ಮುಚ್ಚಿದ ಒಂದು ಕೋಣೆ, ಅದರೊಳಗೆ ಅದರ ನೆರಳು. ಬೆಳಗಾದರೆ ನೆರಳೂ ಕಾಣದು. ಸುಮಾರು ಮೂರು ದಿನದಲ್ಲಿ ಒಂದೇ ಎಳೆ, ಸಾವಿರ ಮೀಟರಿನ ಆಜುಬಾಜು. ಆ ಎಳೆಯಲ್ಲಿ ಒಳಗೆ ಫೈಬ್ರೋಯಿನ್ ಎಂಬ ಗಟ್ಟಿ ಪ್ರೋಟೀನು, ಹೊರಗೆ ಸೆರಿಸಿನ್ ಎಂಬ ಅಂಟು. ಗೂಡಿನ ತೂಕದಲ್ಲಿ ನೂರಕ್ಕೆ ಇಪ್ಪತ್ತರಿಂದ ಮೂವತ್ತು ಪಾಲು ಈ ಅಂಟೇ.

ಸೀರೆಗೆ ಬೇಕಾದದ್ದು ಫೈಬ್ರೋಯಿನ್. ಆಪರೇಷನ್ ಮಾಡುವವರು ಹೊಲಿಗೆಗೆ ಬಹಳ ಹಿಂದಿನಿಂದ ಬಳಸುವ ರೇಷ್ಮೆಯೂ ಅದೇ. ನೂಲು ಮೆತ್ತಗಾಗಿ ಹೊಳಪು ಬರಲೆಂದು ಸೋಡಾ ಸೋಪಿನ ನೀರಿನಲ್ಲಿ ಕುದಿಸಿ ಅಂಟನ್ನು ಬಿಡಿಸಿ ಚರಂಡಿಗೆ ಹರಿಸುವುದು ವಾಡಿಕೆ. ಹಾಗೆ ಚೆಲ್ಲಿಹೋಗುತ್ತಿದ್ದ ಸೆರಿಸಿನ್ ತೇವವನ್ನು ಚೆನ್ನಾಗಿ ಹಿಡಿದಿಡುತ್ತದೆ, ಫೈಬ್ರೋಬ್ಲಾಸ್ಟ್‌ಗಳು ಅದಕ್ಕೆ ಅಂಟಿಕೊಂಡು ಬೆಳೆಯುತ್ತವೆ ಎಂದು ಪ್ರಯೋಗಾಲಯಗಳಲ್ಲಿ ಕಂಡುಬಂದ ಮೇಲೆ ಚರಂಡಿಯ ನೀರಿನ ಮೇಲೂ ಜನರ ಕಣ್ಣು ಬಿತ್ತು. ರೇಷ್ಮೆ ಪ್ರೋಟೀನಿನಿಂದ ಗಾಯದ ಪಟ್ಟಿ, ಪುಡಿ, ಜೆಲ್ ತಯಾರಿಸುವ ಕೆಲಸ ಈಗ ಬೆಂಗಳೂರಿನಲ್ಲೇ ನಡೆಯುತ್ತಿದೆ. ಗೂಡು ಹುಳುವಿಗೆ ಏನಾಗಿತ್ತು? ಹುಳುತನ ಕಳೆದು ಚಿಟ್ಟೆತನ ಬರುವ ನಡುವಿನ ದಿನಗಳಲ್ಲಿ, ಮೈ ಬಹುಪಾಲು ಕರಗಿ ಮತ್ತೆ ಕಟ್ಟಿಕೊಳ್ಳುವ ಹೊತ್ತಿನಲ್ಲಿ, ಯಾರೂ ಮುಟ್ಟದಂತೆ ಕಟ್ಟಿಕೊಂಡ ಮರೆ. ಮಾಯುವ ಗಾಯಕ್ಕೆ ಬೇಕಾದ್ದೂ ಅಂಥದೇ ಮರೆ. ಆದರೆ ಆ ಗೂಡು ನಮ್ಮ ಕೈಗೆ ಬರುವ ಮೊದಲು ಒಳಗಿನ ಜೀವವನ್ನು ಬಿಸಿಗೆ ಒಡ್ಡಿ ಕೊಂದಿರುತ್ತೇವೆ. ಬೆರಗಿನ ಮಾತಾಡುವಾಗ ಇದನ್ನು ಮುಚ್ಚಿಡಬಾರದು.

ಇನ್ನು ಮೀನು. ಐಸ್‌ಲ್ಯಾಂಡಿನ ವಾಯವ್ಯ ಮೂಲೆಯ ಇಸಾಫ್ಯೋರ್ದುರ್ ಎಂಬ ಊರಿನ ಕಸುಬು ತಲೆತಲಾಂತರದಿಂದ ಮೀನುಗಾರಿಕೆ. ಅಲ್ಲಿ ಹುಟ್ಟಿದ ಕೆರೆಸಿಸ್ ಎಂಬ ಕಂಪನಿ ಕಾಡ್ ಮೀನಿನ ಚರ್ಮದಿಂದ ಕೋಶಗಳನ್ನು ತೆಗೆದು, ಬರಿಯ ಹಂದರವನ್ನು ಒಣಗಿಸಿ ಗಾಯಕ್ಕೆ ಹೊದಿಸುವ ವಿಧಾನ ಕಂಡುಕೊಂಡಿತು. ದನ, ಹಂದಿಗಳ ಅಂಗಾಂಶ ಬಳಸುವಾಗ ವೈರಸ್ ದಾಟಿ ಬರಬಹುದೆಂಬ ಭಯಕ್ಕೆ ಅದನ್ನು ಕಟುವಾದ ರಾಸಾಯನಿಕಗಳಲ್ಲಿ ತೊಳೆಯಬೇಕು. ತಣ್ಣೀರಿನ ಈ ಮೀನಿನಿಂದ ಮನುಷ್ಯನಿಗೆ ಅಂಥ ಅಪಾಯ ಇಲ್ಲದ್ದರಿಂದ ಮೃದುವಾಗಿ ಸಂಸ್ಕರಿಸಿದರೆ ಸಾಕು. ಚರ್ಮದ ರಂಧ್ರಗಳ ರಚನೆಯೂ ಒಮೆಗಾ-3 ಕೊಬ್ಬೂ ಉಳಿದುಕೊಳ್ಳುತ್ತವೆ. ಆ ರಂಧ್ರಗಳೊಳಗೆ ನಮ್ಮ ಕೋಶಗಳು ಹೊಕ್ಕು ಮನೆ ಮಾಡುತ್ತವೆ. ಯುರೋಪಿನಲ್ಲಿ ಸಕ್ಕರೆ ಕಾಯಿಲೆಯ ಆಳವಾದ ಕಾಲು ಹುಣ್ಣು ಇದ್ದ 255 ಜನರ ಮೇಲೆ ನಡೆದು 2024ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ, ಹದಿನಾರು ವಾರಕ್ಕೆ ಮೀನಿನ ಚರ್ಮ ಹೊದಿಸಿದವರಲ್ಲಿ ನೂರಕ್ಕೆ 44 ಜನರ ಗಾಯ ಮುಚ್ಚಿತ್ತು, ಎಂದಿನ ಚಿಕಿತ್ಸೆ ಪಡೆದವರಲ್ಲಿ ನೂರಕ್ಕೆ 26.

ಮೀನಿನ ಚರ್ಮ ಮನುಷ್ಯನಿಗೆ ಹೇಗೆ ಒಗ್ಗುತ್ತದೆ? ಕೊಲಾಜನ್ ಎಂಬ ಪ್ರೋಟೀನು ಮೂರು ಎಳೆ ಹೊಸೆದ ಹಗ್ಗ. ಮೂರು ಎಳೆ ಬಿಗಿಯಾಗಿ ಹೊಸೆದುಕೊಳ್ಳಬೇಕಾದರೆ ಪ್ರತಿ ಮೂರನೆಯ ಮಣಿ ತೀರಾ ಸಣ್ಣದಾಗಿರಬೇಕು. ಅಮೈನೋ ಆಮ್ಲಗಳಲ್ಲೆಲ್ಲ ಸಣ್ಣದಾದ ಗ್ಲೈಸಿನ್ನೇ ಆ ಜಾಗದಲ್ಲಿ ಕೂರಬೇಕು. ಈ ನಿಯಮ ಕಾಡ್ ಮೀನಿನಲ್ಲಿಯೂ ಇದೆ, ಡ್ರೆಸ್ಸಿಂಗ್ ಕೋಣೆಯ ಅಜ್ಜಿಯ ಹಿಮ್ಮಡಿಯಲ್ಲಿಯೂ ಇದೆ. ನಮ್ಮ ವಂಶವೂ ಮೀನಿನ ವಂಶವೂ ಬೇರೆಯಾಗಿ ನಲವತ್ತು ಕೋಟಿ ವರ್ಷ ದಾಟಿದೆ. ಅಷ್ಟು ಕಾಲದಲ್ಲಿ ಈಜುರೆಕ್ಕೆ ಕೈಯಾಯಿತು, ಕಿವಿರು ಹೋಗಿ ಶ್ವಾಸಕೋಶ ಬಂತು, ಭಾಷೆ ಬಂತು, ಸಕ್ಕರೆ ಕಾಯಿಲೆಯೂ ಬಂತು. ಹಗ್ಗ ಹೊಸೆಯುವ ನಿಯಮ ಮಾತ್ರ ಬದಲಾಗಲಿಲ್ಲ. ದಾರಿತಪ್ಪಿ ಬಂದ ನಮ್ಮ ಕೋಶಕ್ಕೆ ಆ ಹಂದರದಲ್ಲಿ ಪರಕೀಯತೆ ಕಾಣದಿರುವುದರಲ್ಲಿ ಆಶ್ಚರ್ಯವೇನು?

ಬಾಳೆ ಎಲೆಯ ಕತೆ ಚಿಕ್ಕದು, ನಮಗೆ ಹತ್ತಿರದ್ದು. ಮುಂಬೈಯ ಲೋಕಮಾನ್ಯ ತಿಲಕ್ ಆಸ್ಪತ್ರೆಯ ವೈದ್ಯರು ಸುಟ್ಟಗಾಯಗಳಿಗೆ, ಶುದ್ಧ ಮಾಡಿದ ಬಾಳೆ ಎಲೆಯನ್ನು ಹೊದಿಸಿ ಅದರ ಫಲಿತಾಂಶವನ್ನು 2003ರಲ್ಲಿ ಪ್ರಕಟಿಸಿದರು. ಎಲೆಯ ಮೇಲಿನ ಮೇಣದ ಪದರ ನೀರನ್ನು ಒಳಗೂ ಬಿಡದು, ಗಾಯಕ್ಕೂ ಅಂಟದು. ಬಿಚ್ಚುವಾಗ ನೋವಿಲ್ಲ, ಬೆಲೆಯೂ ಪುಡಿಗಾಸು. ಬಿಸಿ ಸಾರು ಸುರಿದರೂ ಸೋರದ ಗುಣವೇ ಅದರ ಔಷಧ ಗುಣ. ಸಿಗಡಿ, ಏಡಿಯ ಸಿಪ್ಪೆಯಿಂದ ತೆಗೆಯುವ ಕೈಟೋಸಾನ್ ಕೂಡ ಇದೇ ಸಾಲಿನದು. ಅದರ ಧನ ವಿದ್ಯುದಂಶ ರಕ್ತಕಣಗಳ ಋಣ ವಿದ್ಯುದಂಶವನ್ನು ಸೆಳೆದು ರಕ್ತ ನಿಲ್ಲಿಸುತ್ತದೆ; ಯುದ್ಧಭೂಮಿಯ ಸೈನಿಕರ ಕಿಟ್ಟಿನಲ್ಲೂ ಅದಕ್ಕೆ ಜಾಗ ಸಿಕ್ಕಿದೆ.

ಇಷ್ಟು ಓದಿದವರಿಗೆ ಪ್ರಕೃತಿ ನಮಗಾಗಿ ಎಲ್ಲವನ್ನೂ ಅಣಿಮಾಡಿ ಇಟ್ಟಿದೆ ಎನ್ನಿಸಬಹುದು. ನನಗೆ ಹಾಗೆ ಅನ್ನಿಸುವುದಿಲ್ಲ. ಇವುಗಳಲ್ಲಿ ಒಂದೂ ನಮಗಾಗಿ ಮಾಡಿದ್ದಲ್ಲ. ಪಾಚಿ ಅಲೆಗೆ ಅಂಜಿ ಮಾಡಿಕೊಂಡದ್ದು, ಜೇನು ಹಸಿವಿಗೆ, ಹುಳು ತನ್ನ ನಿಸ್ಸಹಾಯಕ ದಿನಗಳಿಗೆ, ಮೀನು ತಣ್ಣನೆಯ ಕಡಲಿಗೆ, ಬಾಳೆ ಮಳೆಗೆ. ಒಂದೊಂದೂ ಇನ್ನೊಬ್ಬರ ಬದುಕಿನ ಎಲ್ಲೆ. ನಮ್ಮದು ಒಡೆದಾಗ ಅವರದರಲ್ಲಿ ಒಂದು ತುಂಡನ್ನು ಎರವಲು ತರುತ್ತೇವೆ, ನಮ್ಮದು ಬೆಳೆಯುವವರೆಗೆ. ಅವು ನಮಗೆ ಒದಗುವುದು ನಮ್ಮ ಮೇಲಿನ ಪ್ರೀತಿಯಿಂದಲ್ಲ. ಬದುಕುವ ಪ್ರತಿಯೊಂದಕ್ಕೂ ಒದ್ದೆಯನ್ನು ಕಾಯುವ ತೊಂದರೆ ಒಂದೇ ಆದ್ದರಿಂದ. ನನ್ನ ಮಟ್ಟಿಗೆ ಇದು ದೊಡ್ಡ ಬೆರಗು. ಯಾರೋ ನಮಗೆಂದು ಕೊಟ್ಟರು ಎನ್ನುವುದಕ್ಕಿಂತ, ಯಾರೂ ಕೊಡದಿದ್ದರೂ ಒದಗಿತು ಎನ್ನುವುದು ದೊಡ್ಡದು.

ಎರವಲಿಗೆ ಮಿತಿಯೂ ಇದೆ. ಸಕ್ಕರೆ ಕಾಯಿಲೆಯ ಪಾದದ ಬಗ್ಗೆ ಲೋಕದ ತಜ್ಞರು ಕೂತು ಬರೆಯುವ ಮಾರ್ಗಸೂಚಿಯ 2023ರ ಆವೃತ್ತಿ, ಗಾಯ ಬೇಗ ಮಾಯಲೆಂಬ ಒಂದೇ ಉದ್ದೇಶಕ್ಕೆ ಜೇನನ್ನಾಗಲಿ, ಆಲ್ಜಿನೇಟನ್ನಾಗಲಿ, ಕೊಲಾಜನ್ ಪಟ್ಟಿಯನ್ನಾಗಲಿ ಬಳಸುವುದು ಬೇಡ ಎನ್ನುತ್ತದೆ. ಅದಕ್ಕೆ ಬೇಕಾದಷ್ಟು ಪುರಾವೆ ಇಲ್ಲ. ರಸಿಗೆ ಎಷ್ಟಿದೆ, ರೋಗಿಗೆ ಯಾವುದು ಹಿತ, ಕೈಯಲ್ಲಿ ದುಡ್ಡೆಷ್ಟು ಎಂದು ನೋಡಿ ಪಟ್ಟಿ ಆರಿಸಿ ಎನ್ನುವುದು ಅದರ ವಿವೇಕ. ಗೆದ್ದ ಕೆಲವೇ ಉಪಾಯಗಳಲ್ಲಿ ಎರಡನ್ನು ನೋಡಿ. ಒಂದು, ಸಕ್ಕರೆಯ ಅಣುವಿಗೆ ಗಂಧಕದ ಗುಂಪುಗಳನ್ನು ಜೋಡಿಸಿದ ಸುಕ್ರೋಸ್ ಆಕ್ಟಸಲ್ಫೇಟ್ ಎಂಬ ಲವಣ ಸೇರಿಸಿದ ಪಟ್ಟಿ. ಹೊಸ ಕೊಲಾಜನನ್ನು ತಿನ್ನುವ ಕಿಣ್ವಗಳನ್ನು ಅದು ತಡೆಹಿಡಿಯುತ್ತದೆ. 2018ರ ಅಧ್ಯಯನದಲ್ಲಿ ಇಪ್ಪತ್ತು ವಾರಕ್ಕೆ ಅದರಿಂದ ನೂರಕ್ಕೆ 48 ಗಾಯ ಮುಚ್ಚಿದವು, ಮಾಮೂಲು ಪಟ್ಟಿಯಲ್ಲಿ 30. ಸಕ್ಕರೆ ಕೆಡಿಸಿದ ಕಾಲಿಗೆ ಸಕ್ಕರೆಯ ಮೊಮ್ಮಗಳೇ ಶುಶ್ರೂಷೆಗೆ ಬಂದಳು! ಇನ್ನೊಂದು, ರೋಗಿಯದೇ ರಕ್ತವನ್ನು 18 ಮಿಲಿಲೀಟರಿನಷ್ಟು ತೆಗೆದು, ಯಂತ್ರದಲ್ಲಿ ತಿರುಗಿಸಿ, ಅದರ ಪ್ಲೇಟ್‌ಲೆಟ್, ಬಿಳಿಕಣ, ಫೈಬ್ರಿನ್‌ಗಳನ್ನು ಒಂದು ತೆಳುಬಿಲ್ಲೆಯಾಗಿಸಿ ಅವರದೇ ಗಾಯದ ಮೇಲೆ ಇಡುವುದು. ಅಲ್ಲಿ ನೂರಕ್ಕೆ 34, ಅದಿಲ್ಲದೆ 22. ಕಡಲು, ಕಾಡು ಅಲೆದು ಬಂದವರಿಗೆ ಕಡೆಗೆ ತಮ್ಮ ಮೈಯಲ್ಲೇ ಮದ್ದು ಸಿಕ್ಕಿತು.

ಈ ಅಂಕಿಗಳನ್ನು ತಿರುಗಿಸಿಯೂ ಓದಬೇಕು. ಅತ್ಯುತ್ತಮ ಪಟ್ಟಿ ಕಟ್ಟಿದಾಗಲೂ ಅರ್ಧಕ್ಕಿಂತ ಹೆಚ್ಚು ಗಾಯಗಳು ಆ ಅವಧಿಯಲ್ಲಿ ಮುಚ್ಚಲಿಲ್ಲ. ರಕ್ತ ಹರಿಯದ ಕಾಲಿಗೆ, ಸತ್ತ ಮಾಂಸ ಕೆರೆದು ತೆಗೆಯದ ಕುಳಿಗೆ, ಭಾರ ತಪ್ಪಿಸದ ಅಂಗಾಲಿಗೆ ಯಾವ ಪಟ್ಟಿ ಕಟ್ಟಿದರೂ ಹೊಳೆಯಲ್ಲಿ ಹುಣಸೆಹಣ್ಣು ತೊಳೆದ ಹಾಗೆಯೇ. ಪಟ್ಟಿ ಮಾಯಿಸುವುದಿಲ್ಲ. ಮಾಯುವ ಕೋಶ ಒಳಗಿನದು, ಅದರ ಹುಕುಮೂ ಒಳಗಿನದು. ಎರವಲು ಚರ್ಮ ಮಾಡುವುದಿಷ್ಟೇ: ತೇವ ಆರದಂತೆ, ಕ್ರಿಮಿ ನುಗ್ಗದಂತೆ, ಯಾರೂ ಕೆದಕದಂತೆ ಆ ಜಾಗವನ್ನು ಸುಮ್ಮನೆ ಬಿಟ್ಟಿರುವುದು.

ಹಾಗಾದರೆ ನಾವು ಮಾಡುವುದೇನು? ಕಾಲು ಕಳೆದುಕೊಂಡದ್ದು ಚರ್ಮವನ್ನಷ್ಟೇ ಅಲ್ಲ, ನೋವನ್ನೂ ಕಳೆದುಕೊಂಡಿದೆ. ಚರ್ಮವನ್ನು ಪಾಚಿಯಿಂದಲೋ ಮೀನಿನಿಂದಲೋ ಕಡ ತರಬಹುದು. ನೋವನ್ನು ಕಡ ಕೊಡುವ ಪ್ರಾಣಿ ಯಾವುದೂ ಇಲ್ಲ, ಮನೆಯ ಜನರ ಹೊರತು. ಆ ಅಜ್ಜಿಯ ಚಪ್ಪಲಿಯಲ್ಲಿ ಕಲ್ಲು ಕಂಡದ್ದು ಮೊಮ್ಮಗಳಿಗೆ. ಅವಳು ಮೊದಲೇ ನೋಡಿದ್ದರೆ ಆ ಕುಳಿಯೇ ಇರುತ್ತಿರಲಿಲ್ಲ. ಸಕ್ಕರೆ ಕಾಯಿಲೆಯವರು ಇರುವ ಮನೆಯಲ್ಲಿ ರಾತ್ರಿ ಮಲಗುವ ಮುಂಚೆ ಅವರ ಅಂಗಾಲು, ಹಿಮ್ಮಡಿ, ಬೆರಳ ಸಂದು ನೋಡುವುದು, ಬೆಳಿಗ್ಗೆ ಚಪ್ಪಲಿ ಕೊಡವಿ ಕೊಡುವುದು ಎರಡು ನಿಮಿಷದ ಕೆಲಸ. ಬೆರಗು ಪಡುವವರು ಅಲ್ಲಿಂದ ಶುರುಮಾಡಲಿ. ಮೀನಿನ ಚರ್ಮ ಆಮೇಲಿನ ಮಾತು.